ಮಿಕ್ಸಿಗೆ ಸುತ್ತಿದ ಬೊಂತೆ

ಹುಣಸೂರು

ನಾನು ಬಟ್ಟೆ ಮಾರುವವಳು. ಹುಣಸೂರಿನ ಬಜಾರಿನಲ್ಲಿ ನಮ್ಮದೊಂದು ಸೀರೆ ಅಂಗಡಿ ಇದೆ. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯದಿದ್ದರೆ ನನಗೆ ಬೆಳಗಾದ ಹಾಗೇ ಅನ್ನಿಸುವುದಿಲ್ಲ. ಇಂಥವಳು ಮೊದಲ ಸಲ ಪರದೇಶಕ್ಕೆ ಹೋಗಿ ಬಂದು, ಅಲ್ಲಿನ ಬೆಟ್ಟ ನೋಡಿದೆ, ಸರೋವರ ನೋಡಿದೆ ಎಂದು ಬರೆಯುವುದು ಬಿಟ್ಟು ಒಂದು ಹಳೇ ಬಟ್ಟೆಯ ಕಥೆ ಬರೆಯಲು ಕೂತಿದ್ದೇನೆ. ಏನು ಮಾಡಲಿ, ಆ ಪ್ರವಾಸದಲ್ಲಿ ನನಗೆ ನೆನಪಿರುವುದು ಅದೊಂದೇ.

ನಮ್ಮ ಮಗಳು ಸಿಂಚನ ಕಿರ್ಗಿಸ್ತಾನದ ಬಿಷ್ಕೆಕ್ ಊರಿನಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ. ಕಿರ್ಗಿಸ್ತಾನ ಎಂದರೆ ನಮ್ಮ ಗಿರಾಕಿಗಳು 'ಪಾಕಿಸ್ತಾನದ್ ಪಕ್ಕಾನ?' ಎಂದು ಕೇಳುತ್ತಾರೆ. ನಾನೂ ಮೊದಲು ಹಾಗೇ ಕೇಳಿದ್ದೆ. ಈ ವರ್ಷ ಅವಳು ಹಾಸ್ಟೆಲ್ ಬಿಟ್ಟು ಗುಲ್ಜಾನ್ ಎಂಬ ಹೆಂಗಸಿನ ಮನೆಯಲ್ಲಿ ಒಂದು ಕೋಣೆ ಹಿಡಿದಳು. ಆ ಮನೆ ಹೇಗಿದೆ, ಆ ಹೆಂಗಸು ಎಂಥವಳು ಎಂದು ನೋಡಿ ಬರಲು ನಾನು ಹೊರಟೆ. ಮದುವೆ ಕಾಲವಾದ್ದರಿಂದ ನಮ್ಮ ಯಜಮಾನರು ಅಂಗಡಿಯಲ್ಲೇ ಉಳಿದರು.

ಹೊರಡುವ ಹಿಂದಿನ ದಿನ ಬೆಟ್ಟದಪುರದಿಂದ ಅವ್ವ ಬಸ್ಸಿನಲ್ಲಿ ಬಂದಿಳಿದಳು. ಅವ್ವನಿಗೆ ಎಂಬತ್ತು ದಾಟಿದೆ, ನಮ್ಮಣ್ಣನ ಸಂಸಾರದ ಜೊತೆ ಇದ್ದಾಳೆ. ಕಂಕುಳಲ್ಲಿ ಒಂದು ಗಂಟು. ಬಿಚ್ಚಿದರೆ ಬೊಂತೆ.

ಬೊಂತೆ ಅಂದರೆ ಬೇರೆ ಕಡೆಯವರು ಕೌದಿ ಅನ್ನುವುದು. ಸವೆದ ಸೀರೆ, ಹರಿದ ಪಂಚೆ, ಮಕ್ಕಳಿಗೆ ಚಿಕ್ಕದಾದ ಅಂಗಿ, ಎಲ್ಲವನ್ನೂ ತುಂಡು ಮಾಡಿ ಪದರ ಪದರವಾಗಿ ಜೋಡಿಸಿ ದಪ್ಪ ದಾರದಲ್ಲಿ ಹೊಲಿದದ್ದು. ನಮ್ಮ ಕಡೆ ಅದು ಬಾಣಂತಿ ಕೋಣೆಯಲ್ಲಿ ಇರುತ್ತದೆ, ಕಾಯಿಲೆಯವರ ಕೆಳಗೆ ಇರುತ್ತದೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ಕಾಯುವವರ ಮಂಚದ ಮೇಲೆ ಇರುತ್ತದೆ. ಪಡಸಾಲೆಯಲ್ಲಿ ಮಾತ್ರ ಇರಕೂಡದು. ನಾನು ಚಿಕ್ಕವಳಿದ್ದಾಗ ನೆಂಟರ ತಲೆ ಬೀದಿಯ ತಿರುವಿನಲ್ಲಿ ಕಂಡ ಕೂಡಲೇ ಬೊಂತೆ ಸುತ್ತಿ ರಾಗಿ ಮೂಟೆಯ ಹಿಂದೆ ತುರುಕುವುದು ನನ್ನ ಕೆಲಸವಾಗಿತ್ತು. ಅಷ್ಟು ಹೊತ್ತಿಲ್ಲದಿದ್ದರೆ ಮಗುಚಿ ಹಾಕಿ, ತೇಪೆ ಕಾಣದ ಸಾದಾ ಬದಿಯನ್ನು ಮೇಲೆ ಮಾಡುತ್ತಿದ್ದೆ.

"ಇದ್ಯಾಕವ್ವ ತಂದೆ? ಅಲ್ಲಿ ರಗ್ಗು ಸಿಗಲ್ವಾ?" ಎಂದೆ.

"ಚಳಿ ದೇಸ ಅಂತೀರ. ರಗ್ಗು ಮ್ಯಾಲೆ ಮ್ಯಾಲೆ ಬೆಚ್ಚಗಿರ್ತದೆ ಕಣ್ ಮಗ. ಇದು ಒಳಗಿಂದ ಬೆಚ್ಚಗ್ ಮಾಡ್ತದೆ. ತಕ್ಕೊಂಡೋಗ್ ಕೊಡು."

"ತೂಕ ಜಾಸ್ತಿಯಾಗುತ್ತವ್ವ. ಸಿಂಚನಾಗೆ ಅಂತ ಮಿಕ್ಸಿ ಬೇರೆ ಇಟ್ಟಿದ್ದೀನಿ. ಅದು ಒಡೆಯದ ಹಾಗೆ ಸುತ್ತೋಕೆ ಏನೂ ಇಲ್ಲ ಅಂತ ಒದ್ದಾಡ್ತಿದ್ದೀನಿ."

ಅವ್ವ ಬೊಂತೆಯನ್ನು ನನ್ನ ಕಡೆ ಸರಿಸಿ, "ಮಿಕ್ಸಿಗಾರ ಸುತ್ಕೊಂಡೋಗು. ಎಂಗೋ ಮಗೀ ಕೈ ಸೇರುದ್ರೆ ಸಾಕು" ಅಂದಳು.

ನಾನು ಹಾಗೇ ಮಾಡಿದೆ. ಎಂಥ ಒಳ್ಳೆ ಉಪಾಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸುತ್ತುವಾಗ ಅವ್ವ ಎದುರಿಗೇ ಕೂತಿದ್ದಳು. ಅವಳ ಮುಖ ಹೇಗಿತ್ತು ಎಂದು ಈಗ ನೆನೆಸಿಕೊಳ್ಳಲು ಹೋದರೆ ನೆನಪಾಗುವುದಿಲ್ಲ, ಯಾಕೆಂದರೆ ನಾನು ನೋಡಿರಲಿಲ್ಲ.

ಬಿಷ್ಕೆಕ್, ವಿಮಾನ ನಿಲ್ದಾಣ

ಪೆಟ್ಟಿಗೆ ಮೆಷಿನ್ನಿನೊಳಗಿಂದ ಬಂದದ್ದೇ ತಡ, ಒಬ್ಬ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದ. ಮಿಕ್ಸಿಯ ಮೋಟಾರು ಅವರ ಪರದೆಯ ಮೇಲೆ ಏನಾಗಿ ಕಂಡಿತೋ. ಸ್ಟೀಲ್ ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಿಸಿದ. ಮಿಕ್ಸಿಯನ್ನು ಹೊರಗೆ ತೆಗೆದು ಬೊಂತೆ ಬಿಡಿಸಿದ. ಅಣ್ಣನ ಮನೆಯಲ್ಲಿ ಅದನ್ನು ಇಡುತ್ತಿದ್ದದ್ದು ಹೊಗೆಸೊಪ್ಪಿನ ಕೋಣೆಯ ಅಟ್ಟದ ಮೇಲೆ. ವರ್ಷಗಟ್ಟಲೆ ಕುಡಿದ ವಾಸನೆಯನ್ನೆಲ್ಲ ಅದು ಒಮ್ಮೆಗೇ ಬಿಟ್ಟಿತು.

ಆತ ಮೂಗು ಹತ್ತಿರ ತಂದು, "ತಬಾಕ್?" ಅಂದ. ಅರ್ಥ ಮಾಡಿಕೊಳ್ಳಲು ಯಾವ ಮೇಷ್ಟರೂ ಬೇಕಿರಲಿಲ್ಲ.

"ನೋ ಸಾರ್, ನೋ ತಬಾಕ್! ಪ್ಯಾಕಿಂಗ್! ಓಲ್ಡ್ ಕ್ಲಾತ್! ವೇಸ್ಟ್!" ಎಂದು ಕೂಗಿದೆ. ನನ್ನ ಹಿಂದಿನ ಸಾಲಿನಲ್ಲಿ ನಮ್ಮ ದೇಶದ ಮಕ್ಕಳೇ ತುಂಬಿದ್ದರು. ಅವರ ಎದುರಿಗೆ ಮೇಜಿನ ಈ ತುದಿಯಿಂದ ಆ ತುದಿಯವರೆಗೆ ನಮ್ಮ ಮನೆಯ ಚಿಂದಿಯೆಲ್ಲ ಹರಡಿಕೊಂಡಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಒಬ್ಬ ಹೆಂಗಸು ಅಧಿಕಾರಿ ಬಂದಳು. ಬೊಂತೆಯ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಇನ್ನೊಬ್ಬಳನ್ನು ಕರೆದಳು. "ಕುರಾಕ್, ಕುರಾಕ್" ಎಂದು ಇಬ್ಬರೂ ಏನೇನೋ ಮಾತಾಡಿಕೊಂಡು ನಕ್ಕರು. ಅವರ ಭಾಷೆಯಲ್ಲಿ ಕಚಡಾ ಎನ್ನುವುದಕ್ಕೆ ಹಾಗಂತಾರೆ ಎಂದುಕೊಂಡು ನಾನು ತಲೆ ತಗ್ಗಿಸಿ ಮಿಕ್ಸಿ ಸುತ್ತಿದೆ. ಹೊರಗೆ ಕಾಯುತ್ತಿದ್ದ ಸಿಂಚನಳನ್ನು ಅಪ್ಪಿಕೊಂಡವಳೇ ಮೊದಲು ಹೇಳಿದ್ದು, "ನಿಮ್ಮಜ್ಜಿ ಮರ್ಯಾದೆ ತೆಗೆದುಬಿಟ್ಟಳು ಕಣೆ" ಎಂದು.

ಗುಲ್ಜಾನ್ ಎಜೆಯ ಮನೆ

ಎಜೆ ಅಂದರೆ ಅಕ್ಕ. ಆಕೆಯನ್ನು ಎಲ್ಲರೂ ಹಾಗೇ ಕರೆಯುವುದು. ಒಂದು ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ದೊಡ್ಡ ಆಳು, ದೊಡ್ಡ ದನಿ, ನಕ್ಕರೆ ಎರಡು ಚಿನ್ನದ ಹಲ್ಲು. ಗೇಟಿನ ಒಳಗೆ ಸೇಬಿನ ಮರಗಳು, ಮರದ ಬುಡದಲ್ಲಿ ಇನ್ನೂ ಕರಗದ ಒಂದಿಷ್ಟು ಹಿಮ. ನೋಡಿದ ಕೂಡಲೇ ಮಗಳು ಒಳ್ಳೆ ಕಡೆ ಸೇರಿದ್ದಾಳೆ ಎಂದು ಸಮಾಧಾನವಾಯಿತು. ಸಮಾಧಾನವಾದ ಮೇಲೆ ನಾನು ತಪ್ಪು ಮಾಡಲು ಶುರು ಮಾಡಿದೆ.

ಟೀ ಬಂತು. ಹಿಡಿಯಿಲ್ಲದ ಬಟ್ಟಲಿನಲ್ಲಿ ಅರ್ಧವೇ ಅರ್ಧ. ಇಷ್ಟು ದೊಡ್ಡ ಹೆಂಗಸಿಗೆ ಇಷ್ಟು ಸಣ್ಣ ಕೈಯೇ ಎಂದುಕೊಂಡೆ. ನಮ್ಮಲ್ಲಿ ಲೋಟ ತುಂಬಿ ತಟ್ಟೆಗೂ ಚೆಲ್ಲಿದರೆ ಉಪಚಾರ. ಇಲ್ಲಿ ಹಾಗಲ್ಲವಂತೆ. ಅರ್ಧ ಕೊಟ್ಟರೆ, ಕೂತಿರಿ, ಮತ್ತೆ ಮತ್ತೆ ಬಿಸಿಯಾಗಿ ಹಾಕುತ್ತೇನೆ ಎಂದು ಅರ್ಥ. ತುಂಬಿಸಿ ಕೊಟ್ಟರೆ, ಕುಡಿದು ಎದ್ದೇಳಿ ಎಂದು. ದುಂಡನೆಯ ರೊಟ್ಟಿಯನ್ನು ಮುರಿದು ಉಳಿದದ್ದನ್ನು ಬೋರಲಾಗಿ ಇಟ್ಟೆ. ಎಜೆ ಅದನ್ನು ತಿರುಗಿಸಿ ಇಟ್ಟಳು. ಅನ್ನವನ್ನು ಬೋರಲು ಹಾಕಬಾರದು ಅನ್ನುವುದಕ್ಕೆ ಯಾವ ಊರಾದರೇನು.

ಇವು ಸಣ್ಣವು. ದೊಡ್ಡದು ಆಮೇಲೆ. ಆಕೆ ನನಗೆ ಕೂರಲೆಂದು ಬಾಗಿಲಿಗೆ ಎದುರಾದ ಗೋಡೆಯ ಕಡೆ ಒಂದು ಹಾಸು ಹಾಸಿದ್ದಳು. ನೋಡಿದರೆ ಬೊಂತೆ! ಮುಕ್ಕೋನ ಮುಕ್ಕೋನದ ಚೂರುಗಳು, ಕೆಂಪು, ಕಪ್ಪು, ನೀಲಿ. ಅಯ್ಯೋ ಪಾಪ, ಬಾಡಿಗೆಗೆ ಕೋಣೆ ಕೊಟ್ಟು ಬದುಕುವವಳು, ನೆಂಟರಿಗೆ ಹಾಸಲು ಒಂದು ಜಮಖಾನವೂ ಇಲ್ಲ ಎಂದು ಕರುಳು ಚುರುಕ್ ಅಂದಿತು. ಅವಳಿಗೆ ಮುಜುಗರವಾಗಬಾರದು ಎಂದು, ಆಕೆ ಆ ಕಡೆ ತಿರುಗಿದಾಗ ಅದನ್ನು ಮೆಲ್ಲಗೆ ಮಗುಚಿ, ಸಾದಾ ಬದಿ ಮೇಲೆ ಮಾಡಿ, ಏನೂ ಆಗದವಳಂತೆ ಕೂತೆ. ಬೆಟ್ಟದಪುರದಲ್ಲಿ ಕಲಿತ ವಿದ್ಯೆ.

ಎಜೆ ಟೀ ಪಾತ್ರೆ ಹಿಡಿದು ತಿರುಗಿದವಳು ಹಾಗೇ ನಿಂತಳು.

"ಅಮ್ಮಾ, ಏಳು. ತಿರುಗಿಸು ಅದನ್ನ," ಸಿಂಚನ ಹಲ್ಲು ಕಚ್ಚಿ ಹೇಳಿದಳು. "ಕುರಾಕ್ ಅದು. ಅವರ ಅತ್ತೆ ಹೊಲಿದಿದ್ದು. ದೊಡ್ಡವರು ಬಂದಾಗ ಮಾತ್ರ ಹಾಸೋದು. ನಿನಗೋಸ್ಕರ ಪೆಟ್ಟಿಗೆಯಿಂದ ತೆಗೆದಿದ್ದಾರೆ."

ತಲೆಯೆತ್ತಿ ನೋಡಿದೆ. ಬಾಗಿಲು ತೆರೆದರೆ ಮೊದಲು ಕಣ್ಣಿಗೆ ಬೀಳುವ ಜಾಗದಲ್ಲಿ, ಕೆತ್ತನೆಯ ಪೆಟ್ಟಿಗೆಯ ಮೇಲೆ, ಇಂಥವೇ ಹಾಸುಗಳನ್ನು ಮಡಿಸಿ ಸೂರಿನವರೆಗೆ ಪೇರಿಸಿದ್ದರು. ನಾವು ಮೂಟೆಯ ಹಿಂದೆ ತುರುಕುವುದನ್ನು ಇವರು ನಮ್ಮ ಅಂಗಡಿಯ ಷೋಕೇಸಿನ ಹಾಗೆ ಜೋಡಿಸಿಟ್ಟಿದ್ದರು. ಎದ್ದು, ತಿರುಗಿಸಿ ಹಾಸಿ, ಮತ್ತೆ ಕೂತೆ.

ಸಂಜೆ ಸಿಂಚನ ಮಿಕ್ಸಿ ಬಿಚ್ಚಿದಳು. ಎಜೆ ಮಿಕ್ಸಿಯತ್ತ ನೋಡಲೇ ಇಲ್ಲ. ಬೊಂತೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಯಾರು ಹೊಲಿದದ್ದು ಎಂದು ಕೇಳಿದಳು. ನಾನು ಮತ್ತೆ "ಪ್ಯಾಕಿಂಗ್, ಪ್ಯಾಕಿಂಗ್" ಅಂದೆ. ಆ ಮಾತು ನನ್ನ ಬಾಯಿಗೆ ಅಂಟಿಕೊಂಡುಬಿಟ್ಟಿತ್ತು. ಸಿಂಚನ ಅವರ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದಳು.

"ಏನಂದೆ?"

"ನೀನು ಹೇಳಿದ್ದನ್ನಂತೂ ಹೇಳಲಿಲ್ಲ" ಅಂದಳು.

ಬಚ್ಚಲಿನಲ್ಲಿ ಒಂದು ಕೆಲಸ

ಎಜೆಗೆ ಒಬ್ಬ ಮಗ. ಬೆಟ್ಟಗಳ ಆಚೆ ಕೊಚ್ಕೊರ್ ಎಂಬ ಊರಿನಲ್ಲಿ ಹೆಂಡತಿ ಐದಾನಾಳ ಜೊತೆ ಇದ್ದಾನೆ. ಐದಾನಾಗೆ ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲ. ಈಗ ಮೂರನೆಯದು, ಗಂಡು. ಅದನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಆ ವಾರವೇ ಇತ್ತು. ಅದಕ್ಕೆ ಹೊದಿಸುವ ಕುರಾಕ್‌ಗಾಗಿ ಎಜೆ ಮನೆಮನೆಯಿಂದ ಬಟ್ಟೆ ಚೂರು ಕೂಡಿಸುತ್ತಿದ್ದಳು. ಎಲ್ಲರ ಮನೆಯದ್ದೂ ಅಲ್ಲ, ತುಂಬಾ ಕಾಲ ಬಾಳಿದವರು ಇರುವ ಮನೆಯದ್ದು. ಅವರು ಉಟ್ಟು ತೊಟ್ಟ ಬಟ್ಟೆಯ ಜೊತೆ ಅವರ ಆಯುಸ್ಸೂ ಮಗುವಿಗೆ ಬರುತ್ತದೆ ಎಂದು ಆ ಮನೆಯವರ ನಂಬಿಕೆ. ನನ್ನ ಅವ್ವನಿಗೆ ಎಂಬತ್ತು ದಾಟಿದೆ ಎಂದು ಸಿಂಚನ ಹೇಳಿದ್ದೇ ಎಜೆ ನನ್ನ ಕೈ ಹಿಡಿದುಕೊಂಡಳು. ಅವಳ ಬಟ್ಟೆಯದೊಂದು ಚೂರು ಕೊಡು ಅಂದಳು. ಕೇಳುವಾಗ ಅವಳ ಕಣ್ಣು ಬೊಂತೆಯ ಮೇಲೇ ಇತ್ತು.

ನೋಡೋಣ ಅಂದೆ. ಕೋಣೆಗೆ ಬಂದು ಯೋಚಿಸಿದೆ. ಎರಡು ಕೂಸು ಕಳೆದುಕೊಂಡವಳ ಮಗುವಿಗೆ ಚಿಂದಿ ಕೊಡುವುದೇ? ಸೀರೆ ಅಂಗಡಿಯವಳು ಕೊಟ್ಟದ್ದು ಇಷ್ಟೇ ನೋಡಿ ಎಂದು ಅಲ್ಲಿನ ಹತ್ತು ಹೆಂಗಸರು ಆಡಿಕೊಂಡರೆ? ನಮ್ಮಲ್ಲಿ ಹಳೇ ಬಟ್ಟೆ ಹೋಗುವುದು ಪಾತ್ರೆ ಮಾರುವವನಿಗೆ. ಮರ್ಯಾದಸ್ಥರ ಮನೆಗೆ ಹೋಗುವುದು ಹೊಸ ರವಿಕೆ ಕಣ. ಉಡುಗೊರೆಗೆಂದು ತಂದಿದ್ದ ಕಣಗಳಲ್ಲಿ ಹಸಿರು ರೇಷ್ಮೆ, ಜರಿ ಅಂಚಿನದು ಒಂದಿತ್ತು. ಅದನ್ನೇ ತೆಗೆದೆ.

ಆದರೆ ಅದು ಫಳಫಳ ಹೊಳೆಯುತ್ತಿತ್ತು. ಆಗ ನಾನು ಮಾಡಿದ ಕೆಲಸವನ್ನು ಬರೆಯುವಾಗ ಈಗಲೂ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತದೆ. ಸಿಂಚನ ಕಾಲೇಜಿಗೆ ಹೋದ ಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ಬಿಸಿನೀರಿಗೆ ಶಾಂಪೂ ಸುರಿದು ಆ ರೇಷ್ಮೆಯನ್ನು ಕಿವುಚಿದೆ. ಹಿಂಡಿದೆ. ನೆಲಕ್ಕೆ ಉಜ್ಜಿದೆ. ಮತ್ತೆ ಕಿವುಚಿದೆ. ಒಂದು ಮಡಿಕೆ ಕೆಟ್ಟರೆ ಅಂಗಡಿಯ ಹುಡುಗಿಯರನ್ನು ಬಾಯಿಗೆ ಬಂದ ಹಾಗೆ ಬೈಯುವ ನಾನು, ಹೊಸ ಬಟ್ಟೆಗೆ ಮುದಿತನ ಬರಿಸಲು ಬೆವರು ಸುರಿಸಿದೆ. ಹೀಟರಿನ ಮೇಲೆ ಒಣಗಿಸಿ ಎಜೆಯ ಕೈಗೆ ಕೊಟ್ಟು, ಎದೆ ಮುಟ್ಟಿಕೊಂಡು, "ಮಾಮಾ, ಮೈ ಮಾಮಾ" ಅಂದೆ. ನಮ್ಮವ್ವಂದು.

ಎಜೆ ಅದನ್ನು ಕಣ್ಣಿಗೆ ಒತ್ತಿಕೊಂಡಳು. ನನಗೆ ಆಗ ನಾಚಿಕೆಯಾಗಲಿಲ್ಲ. ಎಷ್ಟು ಜಾಣತನ ಮಾಡಿದೆ ಎಂದು ಖುಷಿಯೇ ಆಯಿತು.

ಕೊಚ್ಕೊರ್ ದಾರಿ

ತೊಟ್ಟಿಲು ಶಾಸ್ತ್ರಕ್ಕೆ ನಮ್ಮಿಬ್ಬರನ್ನೂ ಎಜೆ ಕರೆದೊಯ್ದಳು. ಕಾರು ಕಣಿವೆಯೊಳಗೆ ನುಗ್ಗಿತು. ಒಂದು ಕಡೆ ಹೊಳೆ, ಒಂದು ಕಡೆ ಬೋಳು ಬೆಟ್ಟ, ಅದರ ಮೇಲೆ ಹಿಮ. ಎಲ್ಲಿ ನೋಡಿದರೂ ಕುದುರೆ. ನಮ್ಮಲ್ಲಿ ರಸ್ತೆಗೆ ಎಮ್ಮೆ ಅಡ್ಡ ಬರುವ ಹಾಗೆ ಇಲ್ಲಿ ಕುದುರೆ ಅಡ್ಡ ಬರುತ್ತದೆ, ಡ್ರೈವರು ಅದೇ ಥರ ಬೈಯುತ್ತಾನೆ. ದಾರಿಬದಿಯಲ್ಲಿ ಕುದುರೆ ಹಾಲು ಹುಳಿ ಬರಿಸಿದ್ದನ್ನು ಕೊಡಿಸಿದರು. ಒಂದು ಗುಟುಕು ಕುಡಿದು, ಉಗುಳಲೂ ಆಗದೆ ನುಂಗಲೂ ಆಗದೆ ಮುಂದಿನ ಊರಿನವರೆಗೂ ಕೆನ್ನೆಯಲ್ಲಿಟ್ಟುಕೊಂಡು ಹೋದೆ.

ಸಿಂಚನ ತೊಡೆಯ ಮೇಲೆ ಬೊಂತೆ ಹೊದ್ದುಕೊಂಡಿದ್ದಳು.

"ಅದನ್ನ ಬ್ಯಾಗಿಗೆ ಹಾಕೇ. ಹತ್ತು ಜನ ಇರೋ ಕಡೆ ಹೋಗ್ತಿದ್ದೀವಿ."

"ಚಳಿ ಅಮ್ಮ" ಅಂದಳು, ಕಿಟಕಿಯಿಂದ ಮುಖ ತಿರುಗಿಸದೆ.

ತೊಟ್ಟಿಲು

ಐದಾನಾ ತೆಳ್ಳಗಿನ ಹುಡುಗಿ. ಮಗುವನ್ನು ಯಾರಾದರೂ ಎತ್ತಿಕೊಂಡರೆ ಅವಳ ಎರಡು ಕೈಯೂ ಮಗುವಿನ ಹಿಂದೆಯೇ ಗಾಳಿಯಲ್ಲಿ ಹೋಗುತ್ತಿದ್ದವು. ಒಂದು ದೊಡ್ಡ ಕೋಣೆಯಲ್ಲಿ ಹೆಂಗಸರೆಲ್ಲ ವೃತ್ತವಾಗಿ ಕೂತರು. ನಡುವೆ ಕುರಾಕ್‌ನ ಮೇಲಿನ ಪದರ. ಚೂರುಗಳನ್ನೆಲ್ಲ ಜೋಡಿಸಿ ಆಗಿತ್ತು, ಹಿಂಬದಿಯ ಬಟ್ಟೆ ಕೂಡಿಸಿ ಮಗುವನ್ನು ತೊಟ್ಟಿಲಿಗೆ ಹಾಕುವುದು ಮರುದಿನಕ್ಕೆ ಇತ್ತು. ಒಬ್ಬೊಬ್ಬರೂ ತಾವು ತಂದ ಚೂರಿನ ಮೇಲೆ ಬೆರಳಿಟ್ಟು ಅದು ಯಾರದ್ದು ಎಂದು ಹೇಳಬೇಕು. ಇದು ಕುರಿ ಕಾಯುತ್ತಿದ್ದ ತಾತನ ಅಂಗಿ. ಇದು ಹನ್ನೊಂದು ಮಕ್ಕಳನ್ನು ಸಾಕಿದ ಅಜ್ಜಿಯ ತಲೆವಸ್ತ್ರ. ಎಲ್ಲವೂ ಬಣ್ಣ ಹೋದ ಬಟ್ಟೆಗಳು. ಪ್ರತಿ ಸಲವೂ ಐದಾನಾ ಬಾಗಿ ಆ ಚೂರಿಗೆ ಮುತ್ತು ಕೊಡುತ್ತಿದ್ದಳು.

ನನ್ನ ಹಸಿರು ರೇಷ್ಮೆ ನಟ್ಟನಡುವೆ ಇತ್ತು. ಮಗುವಿನ ಎದೆಯ ಮೇಲೆ ಬರುವ ಜಾಗ. ದೂರದ ದೇಶದ ಅಜ್ಜಿಯದು ಎಂದು ಎಜೆಯೇ ಅಲ್ಲಿ ಇಟ್ಟಿದ್ದಳು. ಐದಾನಾ ಬಾಗಿ ಅದಕ್ಕೂ ಮುತ್ತು ಕೊಟ್ಟು, ಹಣೆಗೆ ಒತ್ತಿಕೊಂಡಳು. ನಮ್ಮಲ್ಲೂ ಹುಟ್ಟಿದ ಕೂಸಿಗೆ ಮೊದಲು ಸುತ್ತುವುದು ಹಳೇ ಬಟ್ಟೆಯನ್ನೇ ಅಲ್ಲವೇ ಎಂದು ನನಗೆ ನೆನಪಾದದ್ದು ಆ ಹೊತ್ತಿಗೆ.

ಸಿಂಚನ ಮುಂದೆ ಬಾಗಿ ನೋಡಿದಳು. ಅಂಗಡಿಯವರ ಮಗಳು, ನಾನು ಎಷ್ಟು ಕಿವುಚಿದ್ದರೂ ಅವಳಿಗೆ ಗೊತ್ತಾಗದೇ ಇದ್ದೀತೇ.

"ಅಮ್ಮಾ, ಇದು ನಮ್ಮ ಅಂಗಡೀದಲ್ವಾ?" ಎಲ್ಲರ ಕಡೆ ನಗುತ್ತಲೇ ಕೇಳಿದಳು.

"ಸುಮ್ನಿರೇ."

ಅಷ್ಟರಲ್ಲಿ ಎಜೆ ಹೊಸದೊಂದು ಹೇಳಿದಳು. ಉಳಿದವರ ಹಿರಿಯರನ್ನೆಲ್ಲ ಊರು ಕಂಡಿದೆ, ಈ ಅಜ್ಜಿಯನ್ನು ನಾವು ಕಂಡಿಲ್ಲ, ಫೋನಿನಲ್ಲಿ ತೋರಿಸು, ಮಗುವಿಗೆ ಹರಸಲಿ. ಹೆಂಗಸರೆಲ್ಲ ಹೌದು ಹೌದೆಂದರು. ಸಿಂಚನ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ಅಣ್ಣನ ಫೋನಿಗೆ ವಿಡಿಯೋ ಕಾಲ್ ಹಚ್ಚಿದಳು.

ಮೊದಲು ಪರದೆಯ ತುಂಬ ಅವ್ವನ ಕಿವಿ ಬಂತು. ಫೋನು ಎಂದರೆ ಅವಳು ಕಿವಿಗೇ ಇಡುವುದು. ಎಲ್ಲರೂ ನಕ್ಕರು. ಆಮೇಲೆ ಮುಖ ಬಂತು, ಕಣ್ಣು ಕಿರಿದು ಮಾಡಿಕೊಂಡ ಮುಖ. ಎಜೆ ಕುರಾಕ್ ಎತ್ತಿ ಹಸಿರು ರೇಷ್ಮೆಯನ್ನು ಫೋನಿನ ಹತ್ತಿರ ಹಿಡಿದಳು.

"ಅಜ್ಜಿ," ಸಿಂಚನಳ ದನಿ ಸಣ್ಣಗಾಗಿತ್ತು, "ಅಮ್ಮ ಕೊಟ್ಟಿದ್ದು. ಇದು ನಿನ್ನದೇನಾ ಅಂತ ಕೇಳ್ತಿದ್ದಾರೆ."

ಅವ್ವ ನೋಡಿದಳು. ಬಟ್ಟೆಯನ್ನು ನೋಡಿದಳು. ಪರದೆಯ ಮೂಲೆಯಲ್ಲಿ ನಾನಿದ್ದೆ, ನನ್ನನ್ನು ನೋಡಿದಳು.

"ಊ ಕಣವ್ವ," ಅಂದಳು. "ನಂದೇಯ. ನನ್ ಮದುವೇಲ್ ಉಟ್ಟಿದ್ ಸೀರೇದು."

ಅವ್ವ ಮದುವೆಯಲ್ಲಿ ಉಟ್ಟದ್ದು ಪಿರಿಯಾಪಟ್ಟಣದ ಸಂತೆಯ ಹತ್ತಿ ಸೀರೆ. ರೇಷ್ಮೆ ಅವಳ ಮೈ ಮುಟ್ಟಿದ್ದು ನನ್ನ ಮದುವೆಯಲ್ಲಿ, ಅದೂ ನನ್ನ ಬಲವಂತಕ್ಕೆ.

ಸಿಂಚನ ಅದನ್ನು ಅವರ ಭಾಷೆಯಲ್ಲಿ ಹೇಳಿದಳು. ಹೆಂಗಸರು ಚಪ್ಪಾಳೆ ತಟ್ಟಿದರು. ಮಗುವನ್ನು ತೋರಿಸಿದಾಗ ಅವ್ವ ಕೈಯೆತ್ತಿ, "ನೂರ್ಕಾಲ ಬಾಳ್ಲಿ. ನಂದೇನಾರ ಮಿಕ್ಕಿದ್ರೆ ಅದೂ ಈ ಕೂಸಿಗೇ ಇರ್ಲಿ" ಅಂದಳು. ಕೊನೆಗೆ ನನ್ನನ್ನು ಕೇಳಿದ್ದು ಒಂದೇ ಮಾತು.

"ಸುಮಿ, ಬೊಂತೆ ಮಗೀ ಕೈ ಸೇರ್ತಾ?"

"ಸೇರ್ತು ಅಜ್ಜಿ. ದಿನಾ ಅದನ್ನೇ ಹೊದ್ಕೊಳ್ಳೋದು" ಎಂದು ಸಿಂಚನಳೇ ಹೇಳಿದಳು.

"ಅಷ್ಟೇ ಸಾಕು ಬುಡು."

ನಾನು ದಿನಕ್ಕೆ ಎಷ್ಟೋ ಸುಳ್ಳು ಹೇಳುವವಳು. ಬಣ್ಣ ಹೋಗಲ್ಲಕ್ಕ, ಇದು ನಿಮಗೇ ಅಂತ ನೇಯ್ದಂಗಿದೆ, ನನ್ನ ಮಗಳಿಗೂ ಇದನ್ನೇ ಇಟ್ಟುಕೊಂಡಿದ್ದೀನಿ. ಅವು ಅಂಗಡಿಯ ಮಾತು, ಗಿರಾಕಿಗೂ ಗೊತ್ತು, ನನಗೂ ಗೊತ್ತು. ಆದರೆ ಬದುಕಿನಲ್ಲಿ ಯಾರಿಗೂ ಸುಳ್ಳು ಹೇಳದ ನನ್ನ ತಾಯಿ ನನ್ನ ಮಾನ ಮುಚ್ಚಲು ಒಂದು ಹಸುಗೂಸಿನ ಎದುರಿಗೆ ಸುಳ್ಳು ಹೇಳಿದಳು. ಅದನ್ನು ನನ್ನ ಮಗಳ ಬಾಯಲ್ಲಿ ಇನ್ನೊಂದು ಭಾಷೆಗೆ ತಿರುಗಿಸಿ ಹೇಳಿಸಿದ್ದೂ ಆಯಿತು. ಅಲ್ಲಿ ಕೂತು ಬೊರ್ಸೋಕ್ ಎಂಬ ಕರಿದ ಹಿಟ್ಟಿನ ತಿಂಡಿಯನ್ನು ಬಾಯಿಗೆ ಹಾಕಿಕೊಂಡೆ, ಅಗಿಯಲು ಆಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಸಿಂಚನ ಹಿತ್ತಲಿನ ಕಟ್ಟೆಯ ಮೇಲೆ ಬೊಂತೆ ಹಾಸಿಕೊಂಡು ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳು ಒಂದು ನೀಲಿ ಚೂರು ತೋರಿಸಿದಳು.

"ಇದು ಯಾರದ್ದು ಹೇಳು?"

ಗೊತ್ತಿರಲಿಲ್ಲ.

"ನಿನ್ನ ಸ್ಕೂಲಿನ ಲಂಗ. ಇದು ತಾತ ಹೊಗೆಸೊಪ್ಪು ಮಾರೋಕೆ ಹೋಗುವಾಗ ಉಡ್ತಿದ್ದ ಪಂಚೆ. ಇದು ನೋಡು," ಬಣ್ಣವೇ ಇಲ್ಲದ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಚೂರು. "ಇದು ಅಜ್ಜಿಯ ಅಮ್ಮನ ಸೀರೆ. ನೀನು ಹುಟ್ಟಿದಾಗ ನಿನಗೆ ಮೊದಲು ಸುತ್ತಿದ್ದು ಇದನ್ನೇ ಅಂತೆ."

"ನಿನಗ್ಯಾರು ಹೇಳಿದ್ದು?"

"ಅಜ್ಜಿ. ರಜೆಗೆ ಹೋದಾಗೆಲ್ಲ ಹೇಳ್ತಾಳೆ. ನೀನು ಯಾವತ್ತೂ ಕೇಳಿಲ್ವಾ?"

ಕೇಳಿರಲಿಲ್ಲ. ಅದನ್ನು ಸುತ್ತಿ ಮೂಟೆಯ ಹಿಂದೆ ತುರುಕುವ ಕೆಲಸ ನನ್ನದಾಗಿತ್ತಲ್ಲ, ಬಿಡಿಸಿ ನೋಡುವ ಕೆಲಸ ಯಾರದೋ ಆಗಿತ್ತು.

ಮರುದಿನದ ಬೆಳಗ್ಗೆ

ಎಜೆ ಎಣ್ಣೆ ಕಾಯಿಸಿಕೊಂಡು ಬೊರ್ಸೋಕ್ ಕರಿಯುತ್ತಿದ್ದಳು. ಐದಾನಾ ಅಲ್ಲೇ ಮಗುವಿಗೆ ಹಾಲೂಡಿಸುತ್ತಿದ್ದಳು. ನಾನು ಸಿಂಚನಳ ಕೈ ಹಿಡಿದು ಎಳೆದುಕೊಂಡು ಹೋದೆ.

"ನೀನೇ ಹೇಳಿಬಿಡೇ" ಅಂದೆ.

"ನಾನು ಹೇಳಲ್ಲಮ್ಮ. ನೀನು ಹೇಳು. ನಾನು ಬರೀ ಭಾಷೆ ಬದಲಾಯಿಸ್ತೀನಿ."

ಹೇಳಿದೆ. ಆ ರೇಷ್ಮೆ ಅವ್ವನದಲ್ಲ. ಅಂಗಡಿಯದು. ಯಾರ ಮೈಯನ್ನೂ ಮುಟ್ಟಿಲ್ಲ. ಹಳೆಯದಾಗಿ ಕಾಣಲಿ ಎಂದು ಬಚ್ಚಲಲ್ಲಿ ಕಿವುಚಿದೆ. ಬಚ್ಚಲಿನ ಮಾತು ಬಂದಾಗ ಸಿಂಚನ ಒಂದು ಗಳಿಗೆ ನಿಂತು, ನನ್ನನ್ನು ನೋಡಿ, ಆಮೇಲೆ ಅದನ್ನೂ ಹೇಳಿದಳು. ಅದು ಅವಳಿಗೂ ಗೊತ್ತಿರಲಿಲ್ಲ.

ಎಜೆ ಮೊದಲು ಎಣ್ಣೆಯಲ್ಲಿದ್ದದ್ದನ್ನು ತೆಗೆದಳು. ಉರಿ ಆರಿಸಿದಳು. ಆ ಚಿನ್ನದ ಹಲ್ಲು ಕಾಣಿಸಲಿಲ್ಲ. ಸಣ್ಣ ದನಿಯಲ್ಲಿ ಎರಡು ಮಾತು ಆಡಿದಳು.

"ಏನಂದ್ರು ಅವರು?"

"ಬೇಡಮ್ಮ."

"ಹೇಳು."

"ಹೊಸ ಬಟ್ಟೆಯನ್ನ ಹೊಸ ಬಟ್ಟೆ ಅಂತಲೇ ಕೊಟ್ಟಿದ್ರೆ ಸಂತೋಷವಾಗಿ ಇಸ್ಕೋತಿದ್ದೆ, ಮಗುವಿಗೆ ಅಂಗಿ ಹೊಲಿಸ್ತಿದ್ದೆ ಅಂತಿದ್ದಾರೆ. ಅಷ್ಟು ವಯಸ್ಸಾದ ತಾಯಿ ಹತ್ತಿರ ನಿನಗೋಸ್ಕರ ಸುಳ್ಳು ಹೇಳಿಸಿದೆಯಲ್ಲ ಅಂತಿದ್ದಾರೆ."

ಎಜೆ ಒಳಗೆ ಹೋಗಿ ಕುರಾಕ್ ತಂದಳು. ಕತ್ತರಿಯನ್ನು ನನ್ನ ಕೈಗೇ ಕೊಟ್ಟಳು. ನಾನು ನೆಲದ ಮೇಲೆ ಕೂತು, ಅವಳು ಹಾಕಿದ ಒಂದೊಂದೇ ಹೊಲಿಗೆಯನ್ನು ಬಿಚ್ಚಿದೆ. ಐದಾನಾ ಮಗುವನ್ನು ಎದೆಗೆ ಒತ್ತಿಕೊಂಡು ನೋಡುತ್ತಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಹೊಲಿಗೆ ಬಿಚ್ಚುವಾಗ ಕಣ್ಣು ಮಂಜಾಗಿ ಎರಡು ಸಲ ಬೆರಳು ಕತ್ತರಿಸಿಕೊಂಡೆ. ನಡುವೆ ಒಂದು ತೂತು ಉಳಿಯಿತು.

ಸಿಂಚನ ಬೊಂತೆ ತಂದು ನನ್ನ ಮುಂದೆ ಹಾಸಿದಳು. ಬೊಂತೆ ಈಗ ಅವಳದು, ಆದ್ದರಿಂದ ಕೇಳಿದೆ. "ತಗೊಳ್ಳಲಾ?" ಅವಳು ತಲೆಯಾಡಿಸಿ, ಆ ಈರುಳ್ಳಿ ಸಿಪ್ಪೆಯಂಥ ಚೂರನ್ನು ತಾನೇ ಬಿಡಿಸಿ ಕೊಟ್ಟಳು. ಹೊಲಿಯುವುದನ್ನೂ ಎಜೆ ನನಗೇ ಬಿಟ್ಟಳು. ಸೀರೆ ಮಾರುವವಳಿಗೆ ಹೊಲಿಗೆ ಎಲ್ಲಿ ಬರಬೇಕು? ಸೊಟ್ಟಪಟ್ಟ ಬಂತು. ಅವಳು ಅದನ್ನು ತಿದ್ದಲಿಲ್ಲ.

ಐದಾನಾ ಏನೋ ಕೇಳಿದಳು. ಸಿಂಚನ ಹೇಳುವ ಮೊದಲೇ ನನಗೆ ಅರ್ಥವಾಯಿತು. ಯಾರದ್ದು?

ಬೆರಳಿಟ್ಟು ಹೇಳಿದೆ. "ನನ್ನ ಅಜ್ಜಿಯ ಸೀರೆ. ನಾನು ಹುಟ್ಟಿದಾಗ ನನಗೆ ಸುತ್ತಿದ್ದು."

ಐದಾನಾ ಈ ಸಲ ಕೂಡಲೇ ಬಾಗಲಿಲ್ಲ. ನನ್ನ ಮುಖವನ್ನು ನೋಡಿದಳು. ನಂಬಬಹುದೇ ಎಂದು ನೋಡಿದಳು. ಹಾಗೆ ನೋಡುವ ಹಕ್ಕು ಅವಳಿಗಿತ್ತು. ಆಮೇಲೆ ಮಗುವಿನ ಪುಟ್ಟ ಕೈ ಹಿಡಿದು ಆ ಚೂರಿನ ಮೇಲೆ ಇಟ್ಟಳು. ಹಸಿರು ರೇಷ್ಮೆಯನ್ನು ನೀಟಾಗಿ ಮಡಿಸಿ ನನಗೆ ವಾಪಸ್ಸು ಕೊಟ್ಟಳು.

ತೊಟ್ಟಿಲು ಶಾಸ್ತ್ರ ಮುಗಿದು ಹೊರಡುವ ಮೊದಲು ಟೀ ಬಂತು. ನನಗೆ ಬಟ್ಟಲಿನೊಳಗೆ ನೋಡಲು ಭಯ. ಎಜೆ ನನ್ನ ಮುಂದೆ ಇಟ್ಟಳು. ನೋಡಿದೆ. ಅರ್ಧವೇ ಇತ್ತು. ಅಲ್ಲೇ, ಎಲ್ಲರ ಮುಂದೆ, ನನಗೆ ಅಳು ಬಂದುಬಿಟ್ಟಿತು.

ಬೆಟ್ಟದಪುರ

ಊರಿಗೆ ಬಂದ ವಾರದಲ್ಲೇ ಬೆಟ್ಟದಪುರಕ್ಕೆ ಹೋದೆ. ಅವ್ವ ಜಗಲಿಯ ಮೇಲೆ ಕಾಲು ಚಾಚಿಕೊಂಡು ಹೊಸ ಬೊಂತೆ ಹೊಲಿಯುತ್ತಿದ್ದಳು. ಅಣ್ಣನ ಮಗಳಿಗೆ ಹೆರಿಗೆ ಹತ್ತಿರವಿತ್ತು. ಬ್ಯಾಗಿನಿಂದ ಹಸಿರು ರೇಷ್ಮೆ ತೆಗೆದು ಅವಳ ಮುಂದೆ ಇಟ್ಟೆ. ಸುಕ್ಕು ಸುಕ್ಕು, ಅಂಚಿನಲ್ಲೆಲ್ಲ ಸೂಜಿಯ ತೂತು, ಒಂದು ಕಡೆ ನನ್ನ ಬೆರಳಿನ ರಕ್ತದ ಕಲೆ. ನಡೆದದ್ದನ್ನೆಲ್ಲ ಹೇಳಿದೆ. ಅವ್ವ ಹೊಲಿಗೆ ನಿಲ್ಲಿಸದೆ ಕೇಳಿಸಿಕೊಂಡಳು.

"ನೀನ್ಯಾಕವ್ವ ಸುಳ್ಳು ಹೇಳ್ದೆ? ನಂದಲ್ಲ ಅನ್ನಬೇಕಿತ್ತು."

"ನಿನ್ ಮಕ ನೋಡ್ದೆ ಕಣ್ ಮಗ. ಅಷ್ಟ್ ಜನದ್ ಮುಂದೆ ಎಂಗ್ ಬುಟ್ಕೊಡ್ಲಿ?" ಅಂದಳು. ರೇಷ್ಮೆಯನ್ನು ಎತ್ತಿ, ಎಳೆದು ನೋಡಿ, ಹೊಸ ಬೊಂತೆಯ ನಡುವೆ ಇಟ್ಟಳು.

"ಬೇಡ ಅವ್ವ. ಅದನ್ನ ಬಿಸಾಕು."

"ಯಾಕ್ ಬಿಸಾಕ್ಲಿ? ಒಸಾದಾಗಿದ್ರೆ ಆಕ್ತಿರ್ನಿಲ್ಲ. ಈಗ ಇದೂ ಅಳೇದಾಯ್ತಲ್ಲ."

ಸೂಜಿ ಚುಚ್ಚಿದಳು. ಅಷ್ಟರಲ್ಲಿ ಬೀದಿಯಿಂದ, "ಯಾರವ್ವ, ಸುಮಿತ್ರ ಬಂದವ್ಳಾ?" ಎಂದು ಎದುರುಮನೆಯ ಜಯಮ್ಮನ ದನಿ ಕೇಳಿತು. ಅವಳ ಚಪ್ಪಲಿ ಸದ್ದು ಮೆಟ್ಟಿಲು ಹತ್ತುತ್ತಿತ್ತು. ಅವ್ವ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನೂ ನೋಡಿಕೊಂಡೆ. ಎರಡೂ ಕೈ ಬೊಂತೆಯ ಅಂಚು ಹಿಡಿದು ಅದನ್ನು ಆಗಲೇ ಅರ್ಧ ಸುತ್ತಿದ್ದವು.

ಬಿಟ್ಟೆ. ಬಿಡಿಸಿ, ತೇಪೆಯ ಬದಿ ಮೇಲೆ ಮಾಡಿ ಹಾಸಿದೆ. "ಬಾ ಜಯಮ್ಮಕ್ಕ, ಕೂತ್ಕೋ" ಅಂದೆ.

ಜಯಮ್ಮ ಬೊಂತೆಯ ಮೇಲೆ ಕೂತು, ಆ ದೇಶ ಹೆಂಗದೆ, ಅಲ್ಲಿ ಅನ್ನ ಸಿಕ್ತದಾ ಎಂದೆಲ್ಲ ಕೇಳಿದಳು. ಕೇಳುತ್ತಾ ಅವಳ ಕಣ್ಣು ಕೆಳಗೆ ಬಿತ್ತು.

"ಇದ್ಯಾರ್ದವ್ವ, ಇಷ್ಟ್ ಚೆಂದದ್ ರೇಸ್ಮೆ ಇಂಗ್ ಮಾಡ್ಕೊಂಡಿರೋದು?"

ಅವ್ವ ದಾರವನ್ನು ಹಲ್ಲಿನಲ್ಲಿ ಕಡಿದಳು.

"ನನ್ ಮಗಳ್ದು" ಅಂದಳು.